ಜೆರುಸಲೇಮಿಗೆ ಊರಿನವರು ಬಂದಾಗ

ಕಳೆದ ತಿಂಗಳು ನಮ್ಮ ಕರಾವಳಿಯಿಂದ ಯಾತ್ರೆಯ ಗುಂಪೊಂದು ಜೆರುಸಲೇಮಿಗೆ ಬಂದಿತ್ತು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಹಳೇ ಪಟ್ಟಣದ ಗಲ್ಲಿಗಳಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದಿದ್ದೇ ಕಡಿಮೆ. ಗುಂಪಿನಲ್ಲಿ ನಮ್ಮ ಚರ್ಚಿನವರೂ ಇದ್ದಾರೆ ಅಂತ ಅಮ್ಮ ಫೋನ್ ಮಾಡಿದ್ದಳು. ಇಲ್ಲಿ ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು, ಶನಿವಾರ ರಜೆ. ಶಬ್ಬತ್, ಅಂದರೆ ಯಹೂದಿಗಳ ವಿಶ್ರಾಂತಿಯ ದಿನ ಅಂತ ಊರ ಬಸ್ಸಿಲ್ಲ, ನಡೆದೇ ಹೋದೆ.

ಗುಂಪು ಹೊರಟಿದ್ದು ಶಿಲುಬೆಯ ಹಾದಿಗೆ, ಯೇಸು ಶಿಲುಬೆ ಹೊತ್ತು ನಡೆದ ದಾರಿ ಅನ್ನುತ್ತಾರೆ. ಊರಲ್ಲಿ ಅದು ಅಂದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಆ ದಾರಿಯ 14 ಸ್ಥಳಗಳನ್ನು ತೋರಿಸುವ ಚರ್ಚಿನ ಗೋಡೆಯ 14 ಚಿತ್ರಗಳು, ಮೊಣಕಾಲೂರಿ ಪ್ರಾರ್ಥನೆ. ಇಲ್ಲಿ ಅದು ಸಂತೆಬೀದಿ. ಒಂದು ಪಕ್ಕ ಟೀ ಶರ್ಟ್, ಇನ್ನೊಂದು ಪಕ್ಕ ಮಸಾಲೆ ರಾಶಿ, ನಡುವೆ ಕೈಗಾಡಿ ತಳ್ಳುವ ಹುಡುಗನ ಕೂಗಾಟ. ಮರದ ಶಿಲುಬೆ ಹೊರಲು ಗಂಡಸರಲ್ಲಿ ಪೈಪೋಟಿ. ಫೋಟೋ ಆಯಿತೋ, ಹೆಗಲು ಬದಲು.

ಐದನೇ ಸ್ಥಳದಲ್ಲಿ ಗೋಡೆಯಲ್ಲೊಂದು ಕಲ್ಲಿದೆ. ಯೇಸು ಕೈಯೂರಿದ ಗುರುತು ಅನ್ನುತ್ತಾರೆ. ಮುಟ್ಟಿ ಮುಟ್ಟಿ ಅಂಗೈ ಕೂರುವಷ್ಟು ತಗ್ಗಾಗಿದೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಸಿರೇನ್ಯದ ಸಿಮೋನ ಶಿಲುಬೆಗೆ ಹೆಗಲು ಕೊಟ್ಟ ಜಾಗ ಅದು. ಅವನೂ ಹೊರಗಿನವನೇ. ಹಳ್ಳಿ ಕಡೆಯಿಂದ ಬರುತ್ತಿದ್ದವನನ್ನು ಸಿಪಾಯಿಗಳು ಹಿಡಿದು ಹೊರಿಸಿದರು. ಅವನನ್ನು ಯಾರಾದರೂ ಒಂದು ಮಾತು ಕೇಳಿದ್ದರಾ?

ನಮ್ಮ ಮನೆಯಿಂದ ಮೂರು ಗದ್ದೆ ಆಚೆಯ ಆಂಟಿ ಸಿಕ್ಕಿದರು. "ಇನ್ನೂ ಮುದುಕಿ ನೋಡ್ಕೊಳ್ಳೋ ಕೆಲಸದಲ್ಲೇ ಇದ್ದೀಯಾ?" ಅಂದರು. ಆಮೇಲೆ ಆಲಿವ್ ಮರದ ಜಪಸರ ಎಲ್ಲಿ ಅಗ್ಗ ಅಂತ ವಿಚಾರಿಸಿದರು. ಚೌಕಾಸಿ ಮಾಡಿ ಡಜನ್‌ಗಟ್ಟಲೆ ಕೊಡಿಸಿದೆ. ಯೇಸುವಿನ ಸಮಾಧಿ ಇದ್ದ ಜಾಗ ಅನ್ನುವ ಪವಿತ್ರ ಸಮಾಧಿಯ ಚರ್ಚಿನಲ್ಲಿ ಆರು ಪಂಗಡಗಳಿಗೆ ಪಾಲಿದೆ, ಬೀಗದಕೈ ಮಾತ್ರ ಶತಮಾನಗಳಿಂದ ಒಂದು ಮುಸ್ಲಿಂ ಮನೆತನದ ಹತ್ತಿರ. ಬಾಗಿಲು ತೆಗೆಯುವುದು ಇನ್ನೊಂದು ಮುಸ್ಲಿಂ ಮನೆತನ. ಇದನ್ನು ಹೇಳೋಣ ಅನ್ನುವಷ್ಟರಲ್ಲಿ ಬೆತ್ಲೆಹೇಮಿಗೆ ಹೋಗುವ ಅವರ ಟೂರ್ ಬಸ್ಸಿಗೆ ಹೊತ್ತಾಯಿತು.

ರಾತ್ರಿ ಮಾತ್ರೆ ಕೊಡುವಾಗ ನಾನು ನೋಡಿಕೊಳ್ಳುವ ಅಜ್ಜಿ ಎಲ್ಲಾ ಕೇಳಿಸಿಕೊಂಡರು. ಅವರಿಗೆ ದೇವರ ವಿಷಯ ಅಷ್ಟಕ್ಕಷ್ಟೇ. "ಕಲ್ಲು ಮುಟ್ಟೋಕೆ ಅಷ್ಟು ದೂರದಿಂದ ಬಂದ್ರು. ನೀನು ಇರೋ ಮನೆ ನೋಡೋಕೆ ಬರ್ಲಿಲ್ವಾ? ನಿನ್ನ ಅಮ್ಮನಿಗೆ ಹೋಗಿ ಏನು ಹೇಳ್ತಾರೆ?"

ಟೈಮ್ ಇರಲಿಲ್ಲ ಅಂದೆ. ಸುಳ್ಳೇನಲ್ಲ. ಹತ್ತು ದಿನದಲ್ಲಿ ಜೋರ್ಡಾನ್, ಇಸ್ರೇಲ್, ಈಜಿಪ್ಟ್ ಮುಗಿಸಬೇಕು ಪಾಪ. ಆದರೂ ಆ ಮಾತು ಚುಚ್ಚಿತು. ಚರ್ಚಿನ ನೆಲಕ್ಕೆ ಟೈಲ್ಸ್ ಹಾಕಿಸುವಾಗ ಊರಿಗೆ ನಮ್ಮ ನೆನಪಾಗುತ್ತದೆ. ಮದುವೆ ಮಾತುಕತೆಯಲ್ಲಿ ಮಾತ್ರ "ಹುಡುಗಿ ಇಸ್ರೇಲ್‌ನಲ್ಲಿ" ಅಂದಕೂಡಲೇ ಸ್ವರ ತಗ್ಗುತ್ತದೆ.

ಊರಲ್ಲಿ ಕಾರ್ಕಳದ ಹತ್ತಿರ ಅತ್ತೂರು ಚರ್ಚಿನ ಜನವರಿಯ ಜಾತ್ರೆ ಹೀಗಿರಲಿಲ್ಲ. ಸಂತ ಲಾರೆನ್ಸರ ಹತ್ತಿರ ಹರಕೆ ಹೊತ್ತು ಹಿಂದೂಗಳು, ಮುಸ್ಲಿಮರು ಎಲ್ಲರೂ ಬರುತ್ತಾರೆ. ಮೇಣದಬತ್ತಿ ಹಚ್ಚಿ, ಪುಷ್ಕರಿಣಿಯ ನೀರು ತುಂಬಿಸಿಕೊಂಡು, ಬೆವರಿಳಿಸುತ್ತಾ ಆಚೆ ಬಂದರೆ ಅಮ್ಮನ ಮೊದಲ ಮಾತು, "ಚಿಕ್ಕಮ್ಮನ ಮನೆಗೆ ಹೋಗಲೇಬೇಕು." ಕಾರ್ಕಳದ ಚಿಕ್ಕಮ್ಮ ಇಡ್ಲಿಯಂಥ ಸನ್ನ, ಹಂದಿಮಾಂಸ ಮಾಡಿ ಕಾಯುತ್ತಿದ್ದಳು. ಹೋಗದಿದ್ದರೆ ವರ್ಷವಿಡೀ ಮುನಿಸು. ನಮಗೆ ಮಕ್ಕಳಿಗಂತೂ ಸಂತರಿಗಿಂತ ಸನ್ನದ ನೆನಪೇ ಜಾಸ್ತಿ.

ಮೊನ್ನೆ ಅಮ್ಮ ಫೋನ್ ಮಾಡಿದಳು. ಆಂಟಿ ಜಪಸರ ಕೊಟ್ಟು ಹೋದರಂತೆ. "ನನ್ನ ಬಗ್ಗೆ ಏನಂದ್ರು?" ಅಂತ ಕೇಳಿದೆ. "ನಿಮ್ಮ ಮಗಳು ಚೌಕಾಸಿ ಭಾರಿ ಚೆನ್ನಾಗಿ ಮಾಡ್ತಾಳೆ ಅಂದ್ರು."

ಅಜ್ಜಿಗೆ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. "ಹಾಗಾದ್ರೆ ಇನ್ಮೇಲೆ ತರಕಾರಿಗೆ ನೀನೇ ಹೋಗು. ನನ್ನ ಮಗ ಕೇಳಿದಷ್ಟು ಕೊಟ್ಟು ಬರ್ತಾನೆ."