ಹಲ್ಲು ಕಿತ್ತು ಬಂದ್ರೆ ಮೊದ್ಲು ಹಾಲು ಹುಡುಕಿ

ಬೆಂಗಳೂರಿನ ನಮ್ ಲೇಔಟ್ ಪಾರ್ಕಲ್ಲಿ ಹುಡುಗ್ರು ಕ್ರಿಕೆಟ್ ಆಡ್ತಿದ್ರೆ ನಂಗೆ ಬಾಲ್‌ಗಿಂತ ಅವರ ಮುಂದಿನ ಹಲ್ಲಿನ ಮೇಲೇ ಕಣ್ಣು. ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದ್ರೆ ಎಸೀಬೇಡಿ, ಅದನ್ನ ವಾಪಸ್ ಕೂರಿಸಬಹುದು, ಆದ್ರೆ ಬೇರು ಮುಟ್ಟದೆ ಮೇಲ್ಭಾಗ ಹಿಡ್ಕೊಂಡು, ಮಣ್ಣಾಗಿದ್ರೆ ಹಾಲಲ್ಲಿ ಹಗೂರಕ್ಕೆ ತೊಳ್ದು (ಉಜ್ಜಬಾರದು, ಸೋಪಂತೂ ಬೇಡ್ವೇ ಬೇಡ) ಸಾಧ್ಯವಾದ್ರೆ ಅದೇ ಜಾಗಕ್ಕೆ ಕೂರಿಸಿ ಬಟ್ಟೆ ಕಚ್ಚಿಸಿ. ಆಗ್ಲಿಲ್ವಾ, ಅಂಗಡಿಯಿಂದ ನಂದಿನಿ ಪ್ಯಾಕೆಟ್ ತಂದು ತಣ್ಣಗಿನ ಹಾಲಲ್ಲಿ ಹಾಕ್ಕೊಂಡು ಓಡಿ. ನೀರಲ್ಲಿ ನೆನೆಸಿಟ್ರೆ ಬೇರಿನ ಮೇಲಿನ ಜೀವಕೋಶ ಸಾಯುತ್ತೆ. ಅರ್ಧ ಗಂಟೆ ಒಳಗೆ ಡಾಕ್ಟ್ರ ಕೈ ಸೇರಿದ್ರೆ ಒಳ್ಳೇದು, ಅದಕ್ಕೆ ಸಿಲ್ಕ್ ಬೋರ್ಡ್ ದಾಟಿ ನಮ್ ಮಾಮೂಲಿ ಡೆಂಟಿಸ್ಟ್ ಹತ್ರಾನೇ ಹೋಗ್ತೀನಿ ಅನ್ನೋ ಹಟ ಬೇಡ, ಹತ್ರದ ಕ್ಲಿನಿಕ್ಕೇ ಸಾಕು. ಹಾಲು ಹಲ್ಲಾದ್ರೆ ಮಾತ್ರ ವಾಪಸ್ ಕೂರಿಸಬಾರದು, ಕೆಳಗೆ ಬೆಳೀತಿರೋ ಹಲ್ಲಿಗೆ ಪೆಟ್ಟು.

ಬರೀ ತುದಿ ಮುರಿದಿದ್ರೆ ಚೂರು ಎತ್ತಿಟ್ಕೊಳ್ಳಿ, ಕೆಲವ್ಸಲ ಅದನ್ನೇ ಅಂಟಿಸ್ತಾರೆ. ನೋವಿಗೆ ಆಸ್ಪಿರಿನ್ ಮಾತ್ರೆ ಒಸಡಿನ ಮೇಲೆ ಇಡೋರಿದ್ದಾರೆ, ಒಸಡು ಸುಡುತ್ತೆ ಅಷ್ಟೇ. ಖರ್ಚಿನ ಚಿಂತೆ ಇದ್ರೆ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜಿದೆ. ಮುಖ ಊದ್ಕೊಂಡು ನುಂಗೋಕೆ, ಉಸಿರಾಡೋಕೆ ಕಷ್ಟ ಆಗ್ತಿದ್ರೆ ಡೆಂಟಿಸ್ಟ್ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ ಸೀದಾ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.