ಪಕ್ಕದ ಸೀಟು ಖಾಲಿ

ಅಣ್ಣನ ಮಗಳು ಇವತ್ತು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದಳು! ಮಡಿಕೇರಿಯಲ್ಲಿ ಬೆಳಗಿನಿಂದ ಮಂಜು, ಎದುರಿನ ಸಿಲ್ವರ್ ಮರವೂ ಕಾಣುತ್ತಿಲ್ಲ, ಅಂಥದ್ರಲ್ಲಿ ಅವಳ ಫೋನ್. ಎಷ್ಟು ಗಂಟೆ ಹಾರಿದ ಮೇಲೆ ಬಿಡ್ತಾರೆ ಅಂತ ಕೇಳಿದೆ. "ಬರೀ ಗಂಟೆ ಲೆಕ್ಕ ಅಲ್ಲ ಅತ್ತೆ. ಇಳಿಯೋದು ಸರಿ ಬರ್ಲಿಲ್ಲ ಅಂದ್ರೆ ತಕ್ಷಣ ಮತ್ತೆ ಮೇಲೇರಬೇಕು, ಎಂಜಿನ್ ನಿಂತ್ರೆ ಮೊದಲು ಮೂಗು ತಗ್ಗಿಸಿ ವೇಗ ಉಳಿಸ್ಕೋಬೇಕು, ಇದೆಲ್ಲ ಪಕ್ಕದಲ್ಲಿ ಕೂತವರು ಹೇಳದೇನೇ ನಾವೇ ಮಾಡ್ಬೇಕು" ಅಂದಳು. ಮೂರು ಲ್ಯಾಂಡಿಂಗ್ ನೋಡಿ ಗುರುಗಳು ಸುಮ್ನೆ ಇಳಿದು ಹೋದರಂತೆ. ಒಂದೇ ಸುತ್ತು. ಒಬ್ಬರ ಭಾರ ಕಡಿಮೆಯಾಗಿ ವಿಮಾನ ಬೇಗ ಮೇಲೆದ್ದಿತಂತೆ. ಅವಳಿಗಿಂತ ಜಾಸ್ತಿ ಧೈರ್ಯ ಬೇಕಿದ್ದದ್ದು ಕೆಳಗೆ ನಿಂತ ಆ ಗುರುಗಳಿಗೇ ಅಲ್ವಾ? ಭಾಗಮಂಡಲದ ತಿರುವುಗಳಲ್ಲಿ ಅವಳಿಗೆ ಕಾರು ಕಲಿಸುವಾಗ ನನ್ನ ಕೈ ಹ್ಯಾಂಡ್‌ಬ್ರೇಕ್ ಮೇಲೇ ಇತ್ತು.