ಸ್ಪೇನ್ ಬಾರದ ಫಿಲಿಪೀನ್ಸ್: ನನ್ನ ಬೋರ್ಡ್ ಗೇಮ್ ಎಲ್ಲಿಗೆ ಬಂತು

ಗೆದ್ದ ಜಾಗಕ್ಕೆ ನಕ್ಷೆಯಲ್ಲಿ ಬಣ್ಣ ಬಳಿಯುವ ಯೋಚನೆ ಕೈಬಿಟ್ಟಿದ್ದೇನೆ. ಈಗ ಆಟದಲ್ಲಿ ಹುಣಸೆ ಬೀಜದ್ದೇ ದರ್ಬಾರು. ಯಾರ ಕೈಲಿ ಎಷ್ಟು ಜಾಗ ಇದೆ ಅಂತ ಯಾರೂ ಎಣಿಸುವುದಿಲ್ಲ, ಯಾರ ಹಿಂದೆ ಎಷ್ಟು ಜನ ಇದ್ದಾರೆ ಅನ್ನುವುದಷ್ಟೇ ಲೆಕ್ಕ. ಒಂದು ಬೀಜ ಅಂದರೆ ಒಂದಷ್ಟು ಕುಟುಂಬ.

ಹೊಸಬರಿಗೆ ಒಂದು ಮಾತು. ಸ್ಪೇನ್ ಬಂದು ನೆಲೆ ನಿಲ್ಲದೇ ಹೋಗಿದ್ದರೆ ಫಿಲಿಪೀನ್ಸ್ ದ್ವೀಪಗಳು ಏನಾಗುತ್ತಿದ್ದವು ಅನ್ನುವುದು ಈ ಆಟದ ವಿಷಯ. 1565ಕ್ಕೆ ಶುರು, 1700ಕ್ಕೆ ಮುಗಿಯುತ್ತದೆ.

1565 ಯಾಕೆ ಅಂತ ಸುಮಾರು ಜನ ಕೇಳಿದ್ದಿರಿ. 1521ರಲ್ಲಿ ಮಾಕ್ಟಾನ್ ದ್ವೀಪದಲ್ಲಿ ಅಲ್ಲಿಯ ಮುಖಂಡ ಲಾಪುಲಾಪುವಿನ ಕಡೆಯವರು ಸ್ಪೇನಿನ ಪರವಾಗಿ ಬಂದಿದ್ದ ನಾವಿಕ ಮೆಗೆಲನ್‌ನನ್ನು ಕೊಂದರಲ್ಲ, ಅಲ್ಲಿಂದ ಶುರು ಮಾಡಬಹುದಿತ್ತು. ಆದರೆ ಅವನು ಸತ್ತ ಮೇಲೂ ಸ್ಪೇನ್ ಹಡಗು ಕಳಿಸುತ್ತಲೇ ಇತ್ತು. ಅವರಿಗೆ ನಿಜವಾದ ತೊಡಕು ವಾಪಸ್ ದಾರಿ. ಮೆಕ್ಸಿಕೋದಿಂದ ಗಾಳಿ ಹಿಡಿದು ಪಶ್ಚಿಮಕ್ಕೆ ಬಂದುಬಿಡುತ್ತಿದ್ದರು, ತಿರುಗಿ ಹೋಗುವುದು ಮಾತ್ರ ಆಗುತ್ತಿರಲಿಲ್ಲ. 1565ರಲ್ಲಿ ಸ್ಪೇನಿನ ತಂಡದ ನಾಯಕ ಲೆಗಾಸ್ಪಿ ಸೆಬು ದ್ವೀಪದಲ್ಲಿ ಇಳಿದ. ಅವನ ಜೊತೆ ಬಂದಿದ್ದ ನಾವಿಕ ಉರ್ಡನೇಟಾ ಉತ್ತರಕ್ಕೆ ದೊಡ್ಡ ಸುತ್ತು ಹಾಕಿ, ಅಲ್ಲಿಯ ಗಾಳಿ ಹಿಡಿದು ಮೆಕ್ಸಿಕೋದ ಅಕಪುಲ್ಕೋ ಬಂದರು ಮುಟ್ಟಿದ. ವಸಾಹತಿಗೆ ಜೀವ ಬಂದದ್ದೇ ಆಗ. ಆಟದಲ್ಲಿ ಉರ್ಡನೇಟಾನ ಹಡಗೊಂದನ್ನು ಮುಳುಗಿಸಿದರೆ ಸಾಕಲ್ವಾ ಅಂದರೆ, ಸಾಲದು. ಅದೇ ತಂಡದಿಂದ ಬೇರೆಯಾಗಿದ್ದ ಅರೆಯಾನೋ ಅನ್ನುವವನ ಪುಟ್ಟ ಹಡಗು ಅದಕ್ಕೂ ಮೊದಲೇ ಮೆಕ್ಸಿಕೋ ಸೇರಿಕೊಂಡಿತ್ತು! ಹಾಗಾಗಿ ನನ್ನ ಆಟದಲ್ಲಿ ಎರಡೂ ಹಡಗು ಸಮುದ್ರದ ಪಾಲು. ಅದಕ್ಕೆ ದಾಳ ಹಾಕುವ ಹಾಗಿಲ್ಲ.

ಇನ್ನು ಹುಣಸೆ ಬೀಜದ ಲೆಕ್ಕ. ಆಗ ಅಷ್ಟೂ ದ್ವೀಪ ಸೇರಿ ಹತ್ತು ಹದಿನೈದು ಲಕ್ಷ ಜನ ಇದ್ದರು ಅನ್ನುವುದು ಇತಿಹಾಸಕಾರರ ಅಂದಾಜು. ಭೂಮಿಗೆ ಬರವಿಲ್ಲ, ಕೈಗಳಿಗೆ ಬರ. ಅಲ್ಲಿಯ ಊರು, ಬರಂಗಾಯ್, ಅಂದರೆ ಹೆಚ್ಚೂಕಮ್ಮಿ 30ರಿಂದ 100 ಮನೆಗಳ ಗುಂಪು, ಅದಕ್ಕೊಬ್ಬ ದಾತು, ಅಂದರೆ ಮುಖಂಡ. ದಾತು ಸರಿಯಾಗಿ ನಡೆಸಿಕೊಳ್ಳದಿದ್ದರೆ ಸ್ವತಂತ್ರ ಜನ ಇನ್ನೊಬ್ಬನ ಕಡೆ ಹೋಗಬಹುದಿತ್ತು. ದಾಳಿಗೆ ಹೋದವರು ಊರು ಹಿಡಿದು ಕೂರುತ್ತಿರಲಿಲ್ಲ, ಜನರನ್ನು ಹಿಡಿದು ತರುತ್ತಿದ್ದರು. ಹಾಗಾಗಿ ಇಲ್ಲಿ ಹೊಡೆದ ಕಾಯಿ ಚೌಕಾಬಾರದ ಹಾಗೆ ಅದರ ಮನೆಗೆ ವಾಪಸ್ ಹೋಗುವುದಿಲ್ಲ. ಹೊಡೆದವನ ತಟ್ಟೆಗೆ ಬೀಳುತ್ತದೆ. ಭಾನುವಾರ ಅಕ್ಕನ ಮಗ ಮನಿಲಾ ಕಡೆಯಿಂದ ಆಡುತ್ತಿದ್ದವನು ತಲೆ ಕೆರೆದುಕೊಂಡ: "ಮಾಮ, ಇಷ್ಟೊಂದು ಮನೆ ಖಾಲಿ ಬಿದ್ದಿದೆ, ಯಾರಿಗೂ ಬೇಡ್ವಾ?" ಬೇಡ ಕಣೋ ಅಂದೆ. ಅರ್ಧ ಗಂಟೆಯಲ್ಲಿ ನನ್ನ ಬೀಜಗಳನ್ನೆಲ್ಲ ಬಾಚಿಕೊಂಡಿದ್ದ.

ದಾಳಿ ಬಿಟ್ಟರೆ ಜನ ಸೇರಿಸುವ ಇನ್ನೊಂದು ದಾರಿ ಸಾಲ. ಸಾಲ ತೀರಿಸದವನು ಅಲಿಪಿನ್, ಅಂದರೆ ಆಳು, ಆಗಿಬಿಡುತ್ತಿದ್ದ. ಸ್ವಂತ ಮನೆ ಇಟ್ಟುಕೊಂಡು ಒಡೆಯನಿಗೆ ದುಡಿಯುವವರೂ ಇದ್ದರು, ಒಡೆಯನ ಮನೆಯಲ್ಲೇ ಬಿದ್ದಿರುವವರೂ ಇದ್ದರು. ಈ ನಿಯಮ ಬರೆಯುವಾಗ ಎದುರಿಗಿಟ್ಟುಕೊಂಡದ್ದು ಫಿಲಿಪೀನ್ಸಿನ ಲಗುನಾದಲ್ಲಿ ಸಿಕ್ಕ ತಾಮ್ರಪಟದ ಫೋಟೋ. ನಮ್ಮ ಶಾಸನ ಓದಿದವರಿಗೆ ಖುಷಿಯಾಗುತ್ತದೆ: ಶುರುವಾಗುವುದೇ "ಸ್ವಸ್ತಿ" ಅಂತ, ಆಮೇಲೆ ಶಕ ವರ್ಷ 822, ವೈಶಾಖ ಮಾಸ. ಅಂದರೆ ಕ್ರಿ.ಶ. 900, ಇಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ಲಿಪಿ ಜಾವಾ ಕಡೆಯ, "ಕವಿ" ಅನ್ನುವ ಹಳೆಯ ಲಿಪಿ, ಭಾಷೆ ಹಳೆಯ ಮಲಯ. ನಮ್ವರಾನ್ ಅನ್ನುವವನ ಚಿನ್ನದ ಸಾಲ ಮನ್ನಾ ಆಯಿತು, ಅವನ ಮಕ್ಕಳ ಮೇಲೂ ಇನ್ನು ಹೊರೆಯಿಲ್ಲ ಅಂತ ಅದರಲ್ಲಿದೆ. ತಪ್ಪಿದ್ದರೆ ಸಾಲ ಮಕ್ಕಳ ತಲೆಗೆ ಬರುತ್ತಿತ್ತು ಅಂತಾಯಿತಲ್ಲ. ಅದಕ್ಕೇ ಆಟದಲ್ಲೂ ಸಾಲದ ಚೀಟಿ ಸುತ್ತಿನಿಂದ ಸುತ್ತಿಗೆ ದಾಟುತ್ತದೆ.

ಮನಿಲಾ ಈಗ ವಿಪರೀತ ಬಲ. ಕಡಿಮೆ ಮಾಡಿ ಅಂತ ಆಡಿದವರೆಲ್ಲ ಹೇಳಿದರು. ನಾನು ಮಾಡಲ್ಲ, ಕಾರಣ ಇದೆ. 1567ರ ಹೊತ್ತಿಗೆ ಮಿಂಗ್ ಚೀನಾ ತನ್ನ ವ್ಯಾಪಾರಿಗಳಿಗೆ ದಕ್ಷಿಣದ ಸಮುದ್ರಕ್ಕೆ ಹೋಗಲು ಅನುಮತಿ ಕೊಟ್ಟಿತು, ಆದರೆ ಜಪಾನ್ ಜೊತೆ ನೇರ ವ್ಯಾಪಾರ ಬಂದ್. ಜಪಾನಿನಲ್ಲಿ ಬೆಳ್ಳಿ, ಚೀನಾದಲ್ಲಿ ರೇಷ್ಮೆ. ಇಬ್ಬರೂ ಸೇರಲು ಮೂರನೇ ಬಂದರು ಬೇಕು. ವಿಯೆಟ್ನಾಮಿನ ಹೊಯ್ ಆನ್ ಬೆಳೆದದ್ದು ಹೀಗೇ. ಆ ಚೀನೀ ವ್ಯಾಪಾರಿಗಳು ಹೊರಡುತ್ತಿದ್ದ ಫ್ಯೂಜಿಯನ್ ಕರಾವಳಿಗೆ ಮನಿಲಾ ಇನ್ನೂ ಹತ್ತಿರ, ಅಲ್ಲಿ ಸುಲೈಮಾನ್ ಆಳುತ್ತಿದ್ದ, ಬ್ರೂನೈ ಅರಮನೆಯ ನೆಂಟಸ್ತಿಕೆ ಇತ್ತು, ಫಿರಂಗಿಗಳಿದ್ದವು. ಸ್ಪೇನಿನ ಹಡಗುಗಳು ತರುತ್ತಿದ್ದ ಅಮೆರಿಕದ ಬೆಳ್ಳಿ ಬಾರದಿದ್ದರೂ ಅದು ಸುಮ್ನೆ ಕೂರುವ ಊರಲ್ಲ. ನೂರು ವರ್ಷದಲ್ಲಿ ಮನಿಲಾ ಇರುವ ಲುಝಾನ್ ದ್ವೀಪದ ಕರಾವಳಿಗೊಬ್ಬ ಸುಲ್ತಾನ ಬರುತ್ತಿದ್ದ ಅಂತಲೇ ನನ್ನ ಅನಿಸಿಕೆ. ಆದರೆ ಉತ್ತರದ ಲುಝಾನ್, ನಡುವಿನ ವಿಸಾಯಾ ದ್ವೀಪಗಳು, ದಕ್ಷಿಣದ ಮಿಂದನಾವ್, ಈ ಮೂರೂ ಭಾಗ ಸೇರಿ ಒಂದೇ ದೇಶ? ಅದು ನನಗೆ ಎಲ್ಲೂ ಕಾಣುತ್ತಿಲ್ಲ. ಆಟದಲ್ಲಿ ಆ ಗೆಲುವನ್ನೇ ಇಟ್ಟಿಲ್ಲ.

ಅಮೆರಿಕದಿಂದ ಬಂದ ಮೆಣಸಿನಕಾಯಿ, ಗೆಣಸಿನ ಕಾರ್ಡುಗಳು ಸ್ಪೇನ್ ಇಲ್ಲದಿದ್ದರೂ ಹಾಗೇ ಉಳಿದಿವೆ. ಗೋವಾ ಮೂಲಕ ನಮ್ಮ ಅಡುಗೆಮನೆಗೆ ಮೆಣಸಿನಕಾಯಿ ತಂದ ಪೋರ್ಚುಗೀಸರು ಫಿಲಿಪೀನ್ಸಿನ ದಕ್ಷಿಣಕ್ಕಿರುವ ಮಲುಕು ದ್ವೀಪಗಳಲ್ಲೂ ಇದ್ದರಲ್ಲ.

ತೆಗೆದುಹಾಕಿದ್ದು ಉತ್ತರ ಲುಝಾನ್ ಬೆಟ್ಟಗಳ ಇಫುಗಾವ್ ಗದ್ದೆಗಳ ಕಾರ್ಡು, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತು! ಬೆಟ್ಟ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಆ ಗದ್ದೆಗಳು ಎರಡು ಸಾವಿರ ವರ್ಷ ಹಳೆಯವು ಅಂತ ಶಾಲೆಯ ಪುಸ್ತಕಗಳಲ್ಲಿ ಬರುತ್ತಿತ್ತು. ಹಳೆಯ ಕಿಯ್ಯಾಂಗನ್ ಊರಿನಲ್ಲಿ ನಡೆದ ಉತ್ಖನನ ಬೇರೆಯೇ ಹೇಳುತ್ತದೆ. ಅಲ್ಲಿ ಮೊದಲು ಬೆಳೆಯುತ್ತಿದ್ದದ್ದು ಕೆಸು. ನೀರು ಕಟ್ಟಿ ಭತ್ತ ಬೆಳೆಯುವುದು ಜೋರಾದದ್ದು 1650ರ ಆಸುಪಾಸು. ಸ್ಪೇನಿನವರ ಕೈಗೆ ಸಿಗದೆ ಬೆಟ್ಟ ಹತ್ತಿದ ಜನ ಅಲ್ಲಿ ಒಟ್ಟಾಗಿ ಗಟ್ಟಿಯಾದರು ಅನ್ನುವುದು ಆ ಸಂಶೋಧಕರ ವಾದ. ಅಂದರೆ ಸ್ಪೇನ್ ಇಲ್ಲದಿದ್ದರೆ ಆ ಗದ್ದೆಗಳೂ ಅಷ್ಟು ದೊಡ್ಡದಾಗಿ ಇರುತ್ತಿರಲಿಲ್ಲವೇನೋ. ಈಗ ಆ ಕಾರ್ಡಿಗೆ ಒಂದು ಷರತ್ತು ಬರೆದು ಪಕ್ಕಕ್ಕಿಟ್ಟಿದ್ದೇನೆ: ಮನಿಲಾ ಬೆಟ್ಟದ ಕಡೆ ಕೈ ಚಾಚಿದರೆ ಮಾತ್ರ ಮತ್ತೆ ಆಟಕ್ಕೆ ಬರುತ್ತದೆ.

ಆಟ ಸುವರ್ಣಯುಗದ ಕಥೆ ಆಗಬಾರದು ಅಂತ ದಕ್ಷಿಣದ ಸುಲು ದ್ವೀಪಗಳ ಕಡೆ ನೋಡುತ್ತಿರುತ್ತೇನೆ. ಸ್ಪೇನ್ ಅಲ್ಲಿಯ ಹೋಲೋ ಪಟ್ಟಣವನ್ನು ಹಿಡಿದು ಉಳಿಸಿಕೊಂಡದ್ದು 1876ರಲ್ಲಿ. ಅಲ್ಲಿಯವರೆಗೆ ಸುಲ್ತಾನರು ತಮ್ಮದೇ ರಾಜ್ಯ ನಡೆಸಿದರು. 18ನೇ ಶತಮಾನದ ಕೊನೆಗೆ ಬ್ರಿಟಿಷ್ ವ್ಯಾಪಾರಿಗಳು ಬಂದೂಕು ತಂದರು, ಬದಲಿಗೆ ಚೀನಾಕ್ಕೆ ಮಾರಲು ಸಮುದ್ರಸೌತೆ, ಹಕ್ಕಿಗೂಡು ಕೇಳಿದರು. ಅವನ್ನು ಕೂಡಿಹಾಕಲು ಕೈ ಬೇಕು. ಆ ಕೈಗಳು ಬಂದದ್ದು ವಿಸಾಯಾ ಕರಾವಳಿಯ ಊರುಗಳಿಂದ, ದೋಣಿಯಲ್ಲಿ ಕಟ್ಟಿಹಾಕಿ. ವ್ಯಾಪಾರ ಹೆಚ್ಚಿದಷ್ಟೂ ದಾಳಿ ಹೆಚ್ಚು. ನನ್ನ ಆಟದಲ್ಲೂ ಮನಿಲಾ ಸಿರಿವಂತ ಆದಷ್ಟೂ ವಿಸಾಯಾ ಆಡುವವರು ಗೊಣಗುತ್ತಾರೆ. ಅದು ಹಾಗೇ ಇರಲಿ.

ಗಾಳಿಯ ನಿಯಮ ಮುಗಿದಿದೆ. ಈಶಾನ್ಯದ ಅಮಿಹಾನ್ ಬೀಸಿದಾಗ ಚೀನಾದ ಹಡಗು ಬರುತ್ತವೆ, ನೈಋತ್ಯದ ಹಬಗತ್ ಬೀಸಿದಾಗ ವಾಪಸ್. ಇನ್ನು ಡಚ್ಚರ ಕಾರ್ಡು ಬಾಕಿ. ಅವರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ, ಸ್ಪೇನ್ ಖಾಲಿ ಬಿಟ್ಟ ಮನಿಲಾ ಕೊಲ್ಲಿಯನ್ನು ಅವರು ನೋಡಿಕೊಂಡು ಸುಮ್ಮನಿರುವವರಲ್ಲ. ಅವರು ಎಷ್ಟನೇ ಸುತ್ತಿಗೆ ಬಂದರೆ ಆಟ ಕೆಡುವುದಿಲ್ಲ ಅಂತ ಮುಂದಿನ ಭಾನುವಾರ ಆಡಿ ನೋಡಬೇಕು.